ಕಾರಿಳಿದವರ ಸೈಕಲ್ಲು

ಬೆಂಗಳೂರಿನ ಹೊರವರ್ತುಲ ರಸ್ತೆಯ ಅಂಚಿನಲ್ಲಿ 2020ರ ಕೊನೆಯ ಹೊತ್ತಿಗೆ ಒಂದು ಸೈಕಲ್ ಪಥ ಕಾಣಿಸಿಕೊಂಡಿತು. ನಗರ ಭೂ ಸಾರಿಗೆ ನಿರ್ದೇಶನಾಲಯದ ಯೋಜನೆ ಅದು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಸುಮಾರು 17 ಕಿಲೋಮೀಟರ್. ಹೊಸದಾಗಿ ರಸ್ತೆಯನ್ನೇನೂ ಕಟ್ಟಿರಲಿಲ್ಲ. ಇದ್ದ ರಸ್ತೆಯ ಎಡಬದಿಯ ಪಟ್ಟಿಯನ್ನು ಗಿಡ್ಡ ಕಂಬಗಳನ್ನು ನೆಟ್ಟು ಬೇರೆ ಮಾಡಿದ್ದರು, ಅಷ್ಟೆ. ಆಗ ಕೊರೊನಾ ಕಾಲ. ಇಕ್ಕೆಲದ ಟೆಕ್ ಪಾರ್ಕುಗಳು ಬಿಕೋ ಎನ್ನುತ್ತಿದ್ದವು. ಆಫೀಸಿಗೆ ಹೋಗುವವರೇ ಇಲ್ಲದ ಹೊತ್ತಿನಲ್ಲಿ ಆಫೀಸಿಗೆ ಹೋಗುವವರ ಪಥ ತಯಾರಾಯಿತು. ಜನ ವಾಪಸು ಬರುವ ವೇಳೆಗೆ ಅದೇ ರಸ್ತೆಯಲ್ಲಿ ಮೆಟ್ರೋ ಕಾಮಗಾರಿ ಶುರುವಾಗಿತ್ತು. ಕಂಬಗಳು ಮುರಿದವು, ಸ್ಕೂಟರು ಬೈಕುಗಳು ಒಳಗೆ ನುಗ್ಗಿದವು, ಪಥ ಇದ್ದೂ ಇಲ್ಲದಂತಾಯಿತು.

ಇದಕ್ಕೆ ಎಲ್ಲರೂ ಕೊಡುವ ಕಾರಣ ಶಿಸ್ತಿಲ್ಲದ ಬೈಕಿನವರು. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನನಗೆ ಕಾಣುವ ದೋಷ ಅದಕ್ಕಿಂತ ಹಿಂದಿನದು. ಆ ಪಥದ ಸುತ್ತ ನಡೆದ ಮಾತುಕತೆಯಲ್ಲೆಲ್ಲ ಒಬ್ಬನೇ ನಾಯಕ: ಕಾರನ್ನು ಮನೆಯಲ್ಲಿ ಬಿಟ್ಟು, ಹೆಲ್ಮೆಟ್ ತೊಟ್ಟು, ಲ್ಯಾಪ್‌ಟಾಪ್ ಚೀಲವನ್ನು ಬೆನ್ನಿಗೇರಿಸಿ ಹೊರಡುವ ಸಾಫ್ಟ್‌ವೇರ್ ಉದ್ಯೋಗಿ. ಅದೇ ರಸ್ತೆಯಲ್ಲಿ ಯಾರೂ ಕರೆಯದೆ, ಯಾರೂ ಹೊಗಳದೆ ಮೊದಲಿಂದಲೂ ಪೆಡಲ್ ತುಳಿಯುತ್ತಿದ್ದ ಸೆಕ್ಯುರಿಟಿ ಗಾರ್ಡು, ಗಾರೆ ಕೆಲಸದವನು, ಕ್ಯಾರಿಯರಿಗೆ ಫ್ಲಾಸ್ಕ್ ಕಟ್ಟಿಕೊಂಡ ಟೀ ಮಾರುವವನು ಕಥೆಯೊಳಗೆ ಬರಲೇ ಇಲ್ಲ. ಕಾರು ಬಿಟ್ಟು ಸೈಕಲ್ ಹಿಡಿಯುವ ಈಚಿನ ಉತ್ಸಾಹವನ್ನು ನಾನು ಅನುಮಾನದಿಂದ ನೋಡುವುದು ಇದೇ ಕಾರಣಕ್ಕೆ. ಕಾರಿಳಿಯುವವನಿಗೆ ಎದುರಾಗುವ ತೊಡಕುಗಳಲ್ಲಿ ಬಹುಪಾಲನ್ನು ಕಾರೇ ಇಲ್ಲದವನು ಎಂದೋ ಬಗೆಹರಿಸಿಕೊಂಡಿದ್ದಾನೆ, ಇಲ್ಲವೇ ಹಲ್ಲು ಕಚ್ಚಿ ಸಹಿಸಿಕೊಂಡಿದ್ದಾನೆ. ಅವನನ್ನು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಮೊದಲು ಸೈಕಲ್ಲನ್ನೇ ನೋಡಿ. ಕಾರಿನ ಮಾಲೀಕ ಸೈಕಲ್ ಕೊಳ್ಳಲು ಹೋಗುವುದು ಗಾಜಿನ ಶೋರೂಮಿಗೆ. ಇಪ್ಪತ್ತು ಮೂವತ್ತು ಸಾವಿರ ಕೊಟ್ಟು ತರುವ ಗೇರ್ ಸೈಕಲ್ಲಿಗೆ ಮಡ್‌ಗಾರ್ಡ್ ಇರುವುದಿಲ್ಲ, ಕ್ಯಾರಿಯರ್ ಇರುವುದಿಲ್ಲ, ಚೈನ್ ಕವರ್ ಇರುವುದಿಲ್ಲ. ಕೆಲವಕ್ಕೆ ಸ್ಟ್ಯಾಂಡೂ ಇಲ್ಲ, ಗೋಡೆಗೇ ಒರಗಿಸಬೇಕು. ಬೆಲ್ಲಿಗೆ ಬೇರೆ ದುಡ್ಡು, ದೀಪಕ್ಕೆ ಬೇರೆ ದುಡ್ಡು. ಮೊದಲ ಮಳೆಗೆ ಹಿಂದಿನ ಚಕ್ರ ಎರಚಿದ ಕೆಸರು ಅಂಗಿಯ ಬೆನ್ನಿನ ಮೇಲೆ ನೇರ ಗೆರೆ ಎಳೆಯುತ್ತದೆ. ಪ್ಯಾಂಟಿನ ಅಂಚು ಚೈನಿಗೆ ಸಿಕ್ಕಿ ಗ್ರೀಸ್ ಮೆತ್ತಿಕೊಳ್ಳುತ್ತದೆ. ಚೀಲ ಬೆನ್ನ ಮೇಲಿರುವುದರಿಂದ ಬೆವರು ಅಲ್ಲಿಯೇ ನಿಲ್ಲುತ್ತದೆ. ಒಂದು ತಿಂಗಳ ಕೊನೆಗೆ ಅವನು ಆಫೀಸಿಗೆ ಸೈಕಲ್ ಆಗಿಬರುವುದಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾನೆ. ಅವನ ಕೈಲಿದ್ದದ್ದು ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ಕಡೆ ಹೊರಡುವವರ ಸೈಕಲ್ಲು ಎಂದು ಅಂಗಡಿಯವನೂ ಹೇಳಿರುವುದಿಲ್ಲ.

ಟೀ ಮಾರುವವನ ಕಪ್ಪು ಸೈಕಲ್ಲಿನಲ್ಲಿ ಇವೆಲ್ಲಕ್ಕೂ ಉತ್ತರವಿದೆ. ಎರಡೂ ಚಕ್ರಕ್ಕೆ ಉದ್ದನೆಯ ಮಡ್‌ಗಾರ್ಡ್, ಚೈನನ್ನು ಮುಚ್ಚಿದ ತಗಡು, ಅಕ್ಕಿ ಮೂಟೆ ತಡೆಯುವ ಕ್ಯಾರಿಯರ್, ಹೊರೆ ಹೊತ್ತೂ ನೆಟ್ಟಗೆ ನಿಲ್ಲಿಸುವ ಜೋಡಿ ಕಾಲಿನ ಸ್ಟ್ಯಾಂಡ್, ಹಿಂದಿನ ಚಕ್ರಕ್ಕೇ ಕೂಡಿಸಿದ ಬೀಗ. ಇಂಗ್ಲೆಂಡಿನ ಹಳೆಯ ಮಾದರಿಯನ್ನು ಹಿಡಿದು ನಮ್ಮ ಕಾರ್ಖಾನೆಗಳು ತಲೆಮಾರುಗಟ್ಟಲೆ ತಯಾರಿಸಿದ ಸೈಕಲ್ಲಿದು. ಹಾಗೆಂದು ಅದನ್ನು ಅಟ್ಟಕ್ಕೇರಿಸಬೇಕಿಲ್ಲ. ಇಪ್ಪತ್ತು ಕಿಲೋ ತೂಕ. ಮಳೆಯಲ್ಲಿ ಅದರ ಸರಳಿನ ಬ್ರೇಕನ್ನು ನಂಬುವವನು ಧೈರ್ಯಶಾಲಿ. ಏರಿನಲ್ಲಿ ಇಳಿದು ತಳ್ಳದೆ ಗತಿಯಿಲ್ಲ. ಬೆಂಗಳೂರು ನೋಡಲು ಸಮತಟ್ಟು, ತುಳಿಯಲು ಅಲ್ಲ. ಕೆರೆಗಳಿದ್ದ ತಗ್ಗು, ನಡುವಿನ ದಿಣ್ಣೆ ಇವು ಕಾರಿನೊಳಗೆ ಕೂತವನಿಗೆ ತಿಳಿಯುವುದೇ ಇಲ್ಲ. ಸೈಕಲ್ ಹತ್ತಿದ ಮೊದಲ ದಿನವೇ ಮಂಡಿಗೆ ತಿಳಿಯುತ್ತದೆ. ಬೇಕಾಗಿದ್ದದ್ದು ಆ ಕಪ್ಪು ಸೈಕಲ್ಲಿನ ಅನುಕೂಲಗಳ ಜೊತೆಗೆ ನಾಲ್ಕಾರು ಗೇರು ಮತ್ತು ಒಳ್ಳೆಯ ಬ್ರೇಕು. ಅಂಥದ್ದು ನಮ್ಮ ಮಾರುಕಟ್ಟೆಯಲ್ಲಿ ಹುಡುಕಿದರೆ ಸಿಗುತ್ತದೆ, ಹುಡುಕದೆ ಸಿಗುವುದಿಲ್ಲ. ಅಂಥ ಕಪ್ಪು ಸೈಕಲ್ಲುಗಳನ್ನು ತಯಾರಿಸುತ್ತಿದ್ದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಅದೇ ವರ್ಷ ನಗರಗಳ ಶೋರೂಮುಗಳಲ್ಲಿ ಗೇರ್ ಸೈಕಲ್ಲಿಗೆ ಜನ ವಾರಗಟ್ಟಲೆ ಕಾದರು.

ಎರಡನೆಯ ತೊಡಕು ದೂರ. ಸೈಕಲ್ ಪ್ರಚಾರಕರು ಇದರ ಬಗ್ಗೆ ಪ್ರಾಮಾಣಿಕವಾಗಿ ಮಾತಾಡುವುದು ಕಡಿಮೆ. ಹಿಂದೆ ಬೆಂಗಳೂರೆಲ್ಲ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಿತ್ತು ಎಂದು ಹಿರಿಯರು ಹೇಳುವುದು ನಿಜ. ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ಗೇಟಿನ ಸೈಕಲ್ ಸ್ಟ್ಯಾಂಡುಗಳನ್ನು ನೋಡಿದವರು ಇನ್ನೂ ಇದ್ದಾರೆ. ಆದರೆ ಆ ಸ್ಟ್ಯಾಂಡುಗಳ ಹಿಂದೆ ಇನ್ನೊಂದು ಏರ್ಪಾಡಿತ್ತು. 1948ರ ಐಟಿಐಗೆ ದೂರವಾಣಿನಗರದ ವಸತಿ, 1950ರ ದಶಕದ ಎಚ್‌ಎಂಟಿ ಮತ್ತು ಬಿಇಎಲ್‌ಗೆ ಜಾಲಹಳ್ಳಿಯ ಕ್ವಾರ್ಟರ್ಸು. ಕಾರ್ಖಾನೆಯ ಜೊತೆಗೇ ಮನೆ, ಶಾಲೆ, ಆಸ್ಪತ್ರೆ ಬಂದವು. ಸೈರನ್ ಕೇಳಿ ಹೊರಟರೂ ಪಾಳಿಗೆ ತಲುಪಬಹುದಿತ್ತು. ಕಾರ್ಮಿಕ ಸೈಕಲ್ ತುಳಿದದ್ದು ಪರಿಸರಪ್ರೇಮದಿಂದಲ್ಲ, ಕೆಲಸ ತುಳಿಯುವಷ್ಟು ಹತ್ತಿರವಿತ್ತು. ಐಟಿ ಕಂಪನಿಗಳು ವೈಟ್‌ಫೀಲ್ಡಿಗೋ ಎಲೆಕ್ಟ್ರಾನಿಕ್ ಸಿಟಿಗೋ ಹೋದಾಗ ಮನೆಯ ಚಿಂತೆಯನ್ನು ನೌಕರನಿಗೇ ಬಿಟ್ಟವು. ಅವನು ಬಾಡಿಗೆ ಎಲ್ಲಿ ನಿಲುಕುತ್ತದೋ, ಮಗುವಿನ ಶಾಲೆ ಎಲ್ಲಿದೆಯೋ, ಹೆಂಡತಿಯ ಆಫೀಸು ಎಲ್ಲಿದೆಯೋ ಅಲ್ಲಿ ನೆಲೆಸಿದ. ಬನಶಂಕರಿಯಲ್ಲಿ ಮನೆ, ಮಾರತಹಳ್ಳಿಯಲ್ಲಿ ಕೆಲಸ ಎನ್ನುವವನಿಗೆ ಸೈಕಲ್ ತುಳಿಯೆಂದು ಹೇಳುವುದು ಉಪದೇಶವಾದೀತು, ಸಲಹೆಯಾಗದು.

ವೇಗದ ಲೆಕ್ಕವೂ ಹಾಗೆಯೇ. ನಗರಗಳ ಸಂಚಾರ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆ 2023ಕ್ಕೆ ಕೊಟ್ಟ ಅಂಕಿಯಂತೆ ಬೆಂಗಳೂರಿನಲ್ಲಿ ಕಾರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡ್ ಬೇಕಿತ್ತು. ಇದನ್ನು ಎತ್ತಿ ಹಿಡಿದು ಸೈಕಲ್ಲೇ ಬೇಗ ಎನ್ನುವವರಿದ್ದಾರೆ. ಲೆಕ್ಕ ಹಾಕಿದರೆ ಕಾರಿನ ವೇಗ ಗಂಟೆಗೆ 21 ಕಿಲೋಮೀಟರ್ ಆಯಿತು. ಸಾಧಾರಣ ಮನುಷ್ಯ ಸಾಧಾರಣ ರಸ್ತೆಯಲ್ಲಿ 15 ದಾಟುವುದೇ ಹೆಚ್ಚು; ಅದೇ 10 ಕಿಲೋಮೀಟರಿಗೆ ಅವನಿಗೆ ನಲವತ್ತು ನಿಮಿಷ. ಸೈಕಲ್ ಗೆಲ್ಲುವುದು ನಾಲ್ಕೈದು ಕಿಲೋಮೀಟರಿನೊಳಗೆ, ಕಾರಿಗೆ ನಿಲ್ಲುವ ಜಾಗ ಹುಡುಕುವ ಹೊತ್ತೂ ಸೇರಿದಾಗ. ಅದರಾಚೆಗೆ ಅದು ಗೆಲ್ಲುವುದು ಖಚಿತತೆಯಲ್ಲಿ ಮಾತ್ರ. ಕಾರಿನಲ್ಲಿ ಹೊರಟವನಿಗೆ ಇಂದು ಅರ್ಧ ಗಂಟೆ, ನಾಳೆ ಮಳೆ ಬಂದರೆ ಒಂದೂವರೆ ಗಂಟೆ. ಸೈಕಲ್ಲಿನವನಿಗೆ ನಲವತ್ತು ಎಂದರೆ ನಲವತ್ತು. ಈ ಖಚಿತತೆ ಚಿಕ್ಕ ಲಾಭವಲ್ಲ. ಆದರೂ ವೇಗದ ಸುಳ್ಳನ್ನೇ ಮುಂದಿಡುತ್ತಾರೆ. ಅದನ್ನು ನಂಬಿ ಬಂದವನು ಒಂದೇ ವಾರಕ್ಕೆ ಹಿಂದಿರುಗುತ್ತಾನೆ.

ಇನ್ನು ಭಯ. ಕಾರಿಳಿದವನನ್ನು ಮತ್ತೆ ಕಾರಿಗೆ ಹತ್ತಿಸುವುದು ಬೆವರಲ್ಲ, ಇದು. ಕಾರಿನೊಳಗೆ ಕೂತಾಗ ಅವನಿಗೆ ಎಡ ಅಂಚು ಖಾಲಿ ಜಾಗವಾಗಿ ಕಾಣುತ್ತಿತ್ತು. ಸೈಕಲ್ ಮೇಲೆ ಕೂತಾಗ ಗೊತ್ತಾಗುತ್ತದೆ, ನಗರದ ಗಲಾಟೆಯೆಲ್ಲ ಇರುವುದು ಅಲ್ಲಿಯೇ. ನಿಂತ ಕಾರಿನ ಬಾಗಿಲು ಹಿಂದೆ ನೋಡದೆ ತೆರೆದುಕೊಳ್ಳುತ್ತದೆ. ಬಿಎಂಟಿಸಿ ಬಸ್ಸು ಓವರ್‌ಟೇಕ್ ಮಾಡಿ ಮುಂದಿನ ಸ್ಟಾಪಿಗೆ ಎಡಕ್ಕೆ ಬಂದು ನಿಲ್ಲುತ್ತದೆ. ಅದನ್ನು ಬಲದಿಂದ ದಾಟಿದರೆ ಅದು ಮತ್ತೆ ಹಿಂದೆ ಬರುತ್ತದೆ, ಇಬ್ಬರಿಗೂ ಈ ಆಟ ಇಷ್ಟವಿಲ್ಲ. ಎದುರು ದಿಕ್ಕಿನಿಂದ ಯೂ ಟರ್ನ್ ತಪ್ಪಿಸಲು ಬರುವ ಬೈಕುಗಳು ಇದೇ ಅಂಚಿನಲ್ಲಿ. ಚರಂಡಿಯ ಕಂಬಿಗಳು ಚಕ್ರ ಸಾಗುವ ದಿಕ್ಕಿಗೇ ಹಾಸಿದ್ದರೆ ಮುಂದಿನ ಗಾಲಿ ಸಿಕ್ಕಿಕೊಂಡಿತೆಂದೇ ಲೆಕ್ಕ. ಎಲ್ಲಕ್ಕಿಂತ ಕೆಟ್ಟದ್ದು ಫ್ಲೈಓವರ್ ಬುಡ. ಮೇಲೆ ಹೋಗುವ ವಾಹನಗಳು ಬಲಕ್ಕೆ, ಕೆಳಗೆ ಹೋಗುವವು ಎಡಕ್ಕೆ ಸೀಳಿಕೊಳ್ಳುವ ಆ ಸಂದಿಯಲ್ಲಿ ಸೈಕಲ್ಲಿನವನು ವೇಗದ ಎರಡು ಹೊಳೆಗಳ ನಡುವೆ ಸಿಕ್ಕಿದ ಎಲೆಯಂತೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು; ಅವರಲ್ಲಿ ಸೈಕಲ್ ಸವಾರರು ನಾಲ್ಕೂವರೆ ಸಾವಿರಕ್ಕೂ ಹೆಚ್ಚು. ಆ ಸಾವಿರಾರು ಜನರಲ್ಲಿ ಹವ್ಯಾಸಕ್ಕೆ ತುಳಿಯುತ್ತಿದ್ದವರು ಎಷ್ಟು ಮಂದಿ ಇದ್ದಾರು, ಓದುಗರೇ ಊಹಿಸಬಹುದು.

ಹಾಗಾಗಿ "ಧೈರ್ಯ ಮಾಡಿ, ಅಭ್ಯಾಸವಾಗುತ್ತದೆ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎಚ್ಚರ ಕಲಿಯಬಹುದು: ಅಂಚಿಗೆ ತೀರ ಅಂಟಿಕೊಳ್ಳದೆ ಪಟ್ಟಿಯ ನಡುವೆ ಸಾಗುವುದು, ಕೈ ಚಾಚಿ ಸೂಚನೆ ಕೊಡುವುದು, ದೊಡ್ಡ ರಸ್ತೆ ಬಿಟ್ಟು ಬಡಾವಣೆಗಳ ಅಡ್ಡರಸ್ತೆಯಲ್ಲಿ ದಾರಿ ಹೆಣೆಯುವುದು. ಈ ಕೊನೆಯದನ್ನು ಹಳೆಯ ಸವಾರರೆಲ್ಲ ಮಾಡುತ್ತಾರೆ. ಒಂದೆರಡು ಕಿಲೋಮೀಟರ್ ಹೆಚ್ಚಾದರೂ ಜೀವಕ್ಕೆ ನೆಮ್ಮದಿ. ಹಳೆಯ ಬಡಾವಣೆಗಳಾದ ಬಸವನಗುಡಿ, ಮಲ್ಲೇಶ್ವರ, ಜಯನಗರಗಳಲ್ಲಿ ಇದು ಸಾಧ್ಯ. ಹೊರವರ್ತುಲ ರಸ್ತೆಯಾಚೆ ಒಂದು ಲೇಔಟಿಗೂ ಪಕ್ಕದ ಲೇಔಟಿಗೂ ನಡುವೆ ಕಾಂಪೌಂಡು ಗೋಡೆ, ಗೇಟು, ರಾಜಕಾಲುವೆ. ಎಲ್ಲ ದಾರಿಯೂ ಮತ್ತೆ ಮುಖ್ಯರಸ್ತೆಗೇ ತಂದು ಬಿಡುತ್ತದೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಇನ್ನೊಂದು ವಿಚಿತ್ರ. ಕರ್ನಾಟಕದ ಅತಿ ದೊಡ್ಡ ಸೈಕಲ್ ಯೋಜನೆ ನಡೆದದ್ದು ಬೆಂಗಳೂರಿನಲ್ಲಲ್ಲ, ಹಳ್ಳಿಗಳಲ್ಲಿ. 2006-07ರಲ್ಲಿ ಶುರುವಾದ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯಿಂದ ವರ್ಷವರ್ಷ ಲಕ್ಷಗಟ್ಟಲೆ ಸೈಕಲ್ ಹಂಚಿಕೆಯಾದವು. ಹುಡುಗಿಯರು ಸಾಲುಸಾಲಾಗಿ ಪಕ್ಕದೂರಿನ ಹೈಸ್ಕೂಲಿಗೆ ತುಳಿದು ಹೋದರು. ಸೈಕಲ್ಲಿನ ಗುಣಮಟ್ಟದ ಬಗ್ಗೆ ದೂರುಗಳಿದ್ದವು, ಸುಳ್ಳಲ್ಲ. ಆದರೂ ಸಾರಿಗೆಯ ಚರ್ಚೆಯಲ್ಲಿ ಈ ಯೋಜನೆಯ ಹೆಸರು ಕೇಳಿಬರುವುದೇ ಇಲ್ಲ. ಅದನ್ನು ಶಿಕ್ಷಣ ಇಲಾಖೆಯ ಕಡತದಲ್ಲಿಟ್ಟು ಮರೆತರು. ಹಳ್ಳಿಯ ರಸ್ತೆಯಲ್ಲಿ ಮೂರು ನಾಲ್ಕು ಕಿಲೋಮೀಟರ್ ತುಳಿದ ಅದೇ ಹುಡುಗಿ ನಗರಕ್ಕೆ ಕೆಲಸಕ್ಕೆ ಬಂದಾಗ ಸೈಕಲ್ ಮುಟ್ಟುವುದಿಲ್ಲ. ಕತ್ತಲಾದ ಮೇಲೆ ಬೀದಿದೀಪವಿಲ್ಲದ ಸರ್ವಿಸ್ ರಸ್ತೆ, ಪಕ್ಕದಲ್ಲೇ ನಿಧಾನ ಮಾಡಿ ಮಾತೆಸೆಯುವ ಬೈಕು, ದುಪಟ್ಟಾ ಗಾಲಿಗೆ ಸಿಕ್ಕೀತೆಂಬ ಚಿಂತೆ. ಅವಳ ಮೊದಲ ಉಳಿತಾಯ ಸ್ಕೂಟಿಗೆ ಹೋಗುತ್ತದೆ, ಹೋಗಲೇಬೇಕು.

ಆಫೀಸಿನ ಗೇಟಿನಲ್ಲಿ ನಡೆಯುವುದನ್ನು ಮರೆಯುವ ಹಾಗಿಲ್ಲ. "ಸೈಕಲ್ ಒಳಗೆ ಬಿಡಲ್ಲ ಸಾರ್, ಆ ಕಡೆ ನಿಲ್ಲಿಸಿ" ಎನ್ನುವ ಗಾರ್ಡು ಸ್ವತಃ ಸೈಕಲ್ಲಿನಲ್ಲಿ ಬಂದವನೇ. ಅವನ ಸೈಕಲ್ಲೂ ಆ ಕಡೆಯೇ, ಡೀಸೆಲ್ ಜನರೇಟರಿನ ಹಿಂದೆ ನಿಂತಿರುತ್ತದೆ. ಸ್ನಾನಕ್ಕೆ ಜಾಗವಿಲ್ಲ ಎಂಬುದು ದೊಡ್ಡ ದೂರು, ಆದರೆ ಬೆಂಗಳೂರಿನ ಬೆಳಗಿನ ಹವೆಯಲ್ಲಿ ನಾಲ್ಕೈದು ಕಿಲೋಮೀಟರ್ ಅವಸರವಿಲ್ಲದೆ ತುಳಿದರೆ ಒದ್ದೆ ಟವೆಲ್ಲೂ ಒಂದು ಅಂಗಿಯೂ ಸಾಕು. ಮಂಗಳೂರಿನ ಸೆಕೆಯಲ್ಲಿ, ಕಲಬುರಗಿಯ ಏಪ್ರಿಲಿನಲ್ಲಿ ಈ ಮಾತು ಆಡಲಾರೆ. ಬೆವರಿಗಿಂತ ಕಷ್ಟ ಪಕ್ಕದ ಮನೆಯವರ ಕಾಳಜಿ: "ಯಾಕೆ ಸಾರ್, ಕಾರು ಕೊಟ್ಟುಬಿಟ್ರಾ?" ಕೇಳುವವರ ದನಿಯಲ್ಲಿ ಕೆಲಸ ಹೋಯಿತೇನೋ ಎಂಬ ಅನುಕಂಪವಿರುತ್ತದೆ. ಮೂವತ್ತು ಸಾವಿರದ ಸೈಕಲ್ಲೂ ಬಣ್ಣದ ಹೆಲ್ಮೆಟ್ಟೂ ನಡೆಯುವುದು ಒಂದು ಮಟ್ಟಿಗೆ ಈ ಪ್ರಶ್ನೆಗೆ ಉತ್ತರವಾಗಿಯೇ. ನಾನು ಇಷ್ಟಪಟ್ಟು ತುಳಿಯುತ್ತಿದ್ದೇನೆ, ಗತಿಯಿಲ್ಲದೆ ಅಲ್ಲ ಎಂದು ಮೈಮೇಲೆ ಬರೆದುಕೊಂಡು ಹೊರಡಬೇಕಾಗಿದೆ.

ಹಣ ಉಳಿಯುತ್ತದೆಯೇ? ಹತ್ತು ಕಿಲೋಮೀಟರ್ ಹೋಗಿ ಹತ್ತು ಬರುವವನ ಕಾರು ಟ್ರಾಫಿಕ್ಕಿನಲ್ಲಿ ಲೀಟರಿಗೆ 12 ಕೊಟ್ಟರೆ, ನೂರು ದಾಟಿದ ಪೆಟ್ರೋಲ್ ಬೆಲೆಗೆ ದಿನಕ್ಕೆ 170 ರೂಪಾಯಿ ಆಸುಪಾಸು. ಆದರೆ ಕಾರಿನ ಕಂತು, ವಿಮೆ, ವರ್ಷದಿಂದ ವರ್ಷಕ್ಕೆ ಇಳಿಯುವ ಬೆಲೆ ನಿಂತ ಕಾರಿಗೂ ತಪ್ಪಿದ್ದಲ್ಲ. ಕೊಂಡ ಕಾರನ್ನು ನೆರಳಲ್ಲಿ ನಿಲ್ಲಿಸಿ ಸೈಕಲ್ ತುಳಿಯುವವನು ಎರಡಕ್ಕೂ ಖರ್ಚು ಮಾಡುತ್ತಾನೆ. ನಿಜವಾದ ಉಳಿತಾಯ ಕಾರು ಮಾರಿದಾಗ. ಮಾರಲು ಮನೆಯವರು ಒಪ್ಪುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ: ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಮಗುವನ್ನು ಶಾಲೆಗೆ ಬಿಟ್ಟು ಅಲ್ಲಿಂದ ಆಫೀಸಿಗೆ ಹೋಗಬೇಕು, ವಾಪಸು ಬರುವಾಗ ತರಕಾರಿ. ಕಾರಿನ ಒಂದು ಓಡಾಟದೊಳಗೆ ಮೂರ್ನಾಲ್ಕು ಮಂದಿಯ ಕೆಲಸ ಅಡಗಿದೆ. ಸೈಕಲ್ಲಿನ ಪರ ವಾದಿಸುವವರಲ್ಲಿ ಒಂಟಿ ಗಂಡಸರೇ ಹೆಚ್ಚೆಂದು ನನಗೆ ತೋರುವುದು ಇದಕ್ಕೇ ಇರಬೇಕು.

ನಗರ ಏನು ಮಾಡಿತು ಎಂದು ನೋಡಿದರೆ, ಹೊರವರ್ತುಲ ರಸ್ತೆಗೂ ಮೊದಲು ಜಯನಗರದಲ್ಲಿ ಸೈಕಲ್ ಪಥದ ಪ್ರಯೋಗವಾಯಿತು. ಆ ಪಥಗಳು ಬಹುಬೇಗ ಕಾರು ನಿಲ್ಲಿಸುವ ಜಾಗಗಳಾದವು. ಮೈಸೂರಿನ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಇವೆಲ್ಲಕ್ಕಿಂತ ಬುದ್ಧಿವಂತ ಯೋಜನೆ. 2017ರ ಜೂನ್‌ನಲ್ಲಿ 450 ಸೈಕಲ್, 48 ನಿಲ್ದಾಣಗಳೊಂದಿಗೆ ಆರಂಭವಾಯಿತು. ಮೈಸೂರಿನ ಅಳತೆ ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ರೈಲು ನಿಲ್ದಾಣದಿಂದ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ಮಾರುಕಟ್ಟೆಗೆ ತುಳಿಯಬಹುದು. ಅದರ ಒಳ್ಳೆಯ ಗುಣವೆಂದರೆ ಸವಾರ ಸೈಕಲ್ ಕೊಳ್ಳಬೇಕಿಲ್ಲ, ಕಾಯಬೇಕಿಲ್ಲ, ಪಂಕ್ಚರ್ ಹಾಕಿಸಬೇಕಿಲ್ಲ. ಕೊರತೆಯೂ ಅಲ್ಲಿಯೇ ಇದೆ: ನಿರ್ವಹಣೆಯೆಲ್ಲ ಸಂಸ್ಥೆಯ ಮೇಲೆ, ಅದು ಸಡಿಲವಾದರೆ ಸೈಕಲ್ಲೂ ಸಡಿಲ. ಪಥವಿಲ್ಲದೆ ಸೈಕಲ್ ಮಾತ್ರ ಕೊಟ್ಟದ್ದು ಮೈಸೂರು, ಸೈಕಲ್ಲಿನವರನ್ನು ಕೇಳದೆ ಪಥ ಕೊಟ್ಟದ್ದು ಬೆಂಗಳೂರು.

ಸ್ಪೇನಿನ ಸೆವಿಲ್ಲೆ ಇಲ್ಲಿ ನೆನಪಾಗುತ್ತದೆ. ನೆದರ್ಲೆಂಡಿನ ಉದಾಹರಣೆ ಕೊಟ್ಟರೆ ಅಲ್ಲಿ ತಂಪು, ಅಲ್ಲಿ ಸಮತಟ್ಟು, ಅಲ್ಲಿ ಶಿಸ್ತು ಎಂದು ನಾವು ಜಾರಿಕೊಳ್ಳುತ್ತೇವೆ. ಸೆವಿಲ್ಲೆಯಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ, ಸೈಕಲ್ ತುಳಿಯುವವರು ಅಲ್ಲಿ ತೀರ ವಿರಳವಾಗಿದ್ದರು. 2006-07ರ ಸುಮಾರಿಗೆ ಆ ನಗರ 80 ಕಿಲೋಮೀಟರಿನಷ್ಟು ಪಥವನ್ನು ಒಂದಕ್ಕೊಂದು ಕೂಡುವ ಜಾಲವಾಗಿ, ರಸ್ತೆಯಿಂದ ಎತ್ತರಿಸಿ, ಬಹುಮಟ್ಟಿಗೆ ಕಾರು ನಿಲ್ಲುವ ಜಾಗ ಕಿತ್ತುಕೊಂಡು ಕಟ್ಟಿತು. ಕೆಲವೇ ವರ್ಷಗಳಲ್ಲಿ ಸವಾರರು ಹಲವು ಪಟ್ಟು ಹೆಚ್ಚಿದರು. ಜನರ ಮನಸ್ಸು ಬದಲಾಗಲಿ ಎಂದು ಅವರು ಕಾಯಲಿಲ್ಲ. ನಾವು ಒಂದೊಂದೇ ರಸ್ತೆಯನ್ನು ಮಾದರಿ ಮಾಡುತ್ತೇವೆ, ಅದರ ಎರಡೂ ತುದಿಯಲ್ಲಿ ಸೈಕಲ್ಲಿನವನನ್ನು ಲಾರಿಯ ಮುಂದೆ ಬಿಡುತ್ತೇವೆ, ಆಮೇಲೆ ಯಾರೂ ಬಳಸಲಿಲ್ಲ ಎಂದು ವರದಿ ಬರೆಯುತ್ತೇವೆ.

ಇಷ್ಟರ ನಡುವೆ ಸರ್ಕಾರದ ಹೊರಗೆ ನಡೆದ ಕೆಲಸದಲ್ಲಿ ಮೆಚ್ಚಬೇಕಾದದ್ದಿದೆ. ಬೆಂಗಳೂರಿನ ಬೈಸಿಕಲ್ ಮೇಯರ್ ಎನಿಸಿದ ಸತ್ಯ ಶಂಕರನ್ 2018ರಲ್ಲಿ ಶುರುಮಾಡಿದ ಸೈಕಲ್ ಟು ವರ್ಕ್ ಅಭಿಯಾನ ಉದ್ಯೋಗಿಗಳ ಸವಾರಿಯನ್ನು ಆ್ಯಪ್‌ನಲ್ಲಿ ದಾಖಲಿಸಿ ಕಂಪನಿಗಳ ನಡುವೆ ಪೈಪೋಟಿ ಹಚ್ಚಿತು. ಇದರ ಜಾಣತನ ನನಗೆ ಹಿಡಿಸುತ್ತದೆ. ಕಂಪನಿಯ ಹೆಸರು ಪಟ್ಟಿಯಲ್ಲಿ ಬಂದರೆ ಸೈಕಲ್ ಸ್ಟ್ಯಾಂಡ್ ಕೇಳಲು ನೌಕರನಿಗೆ ಒಂದು ಆಧಾರ ಸಿಗುತ್ತದೆ. ಅಂಕಿಗಳಿದ್ದರೆ ಅಧಿಕಾರಿಯ ಮುಂದೆ ಕೂತು ಮಾತಾಡಬಹುದು. ಮಿತಿಯೂ ಅದರ ರೀತಿಯಲ್ಲೇ ಇದೆ. ಸ್ಮಾರ್ಟ್‌ಫೋನ್, ಆ್ಯಪ್, ಕಂಪನಿಯ ಗುರುತು ಇದ್ದವನಷ್ಟೇ ಎಣಿಕೆಗೆ ಬರುತ್ತಾನೆ. ದೂರ ಹೆಚ್ಚಾದಷ್ಟೂ ಹೆಮ್ಮೆ ಹೆಚ್ಚು ಎಂಬ ಹುಕಿ ಈ ಬಗೆಯ ಪಟ್ಟಿಗಳಿಗೆಲ್ಲ ಅಂಟಿದ್ದೇ. ಇಪ್ಪತ್ತೈದು ಕಿಲೋಮೀಟರ್ ತುಳಿದು ಬಂದವನ ಫೋಟೋ ಎಲ್ಲೆಡೆ ಸುತ್ತುತ್ತದೆ, ಮೂರು ಕಿಲೋಮೀಟರ್ ತುಳಿದು ಹಾಲು ತಂದವಳದ್ದಲ್ಲ. ಆ ಸಾಹಸಿಯ ಫೋಟೋ ನೋಡಿದವರು ಇದು ನಮ್ಮ ಕೈಲಾಗದ್ದು ಎಂದೇ ತಿಳಿಯುತ್ತಾರೆ. ಕಾರು ಬಿಡಿಸಬೇಕಾದದ್ದು ಮೊದಲು ಆ ಮೂರು ಕಿಲೋಮೀಟರಿಗೆ: ಮೆಟ್ರೋ ನಿಲ್ದಾಣಕ್ಕೆ, ಜಿಮ್ಮಿಗೆ, ದರ್ಶಿನಿಗೆ. ವ್ಯಾಯಾಮ ಮಾಡಲು ಕಾರಿನಲ್ಲಿ ಹೋಗುವವರ ಸಂಖ್ಯೆ ಈ ಊರಿನಲ್ಲಿ ಕಡಿಮೆಯಿಲ್ಲ.

ಏರಿನ ಕಷ್ಟಕ್ಕೂ ಬೆವರಿನ ಕಷ್ಟಕ್ಕೂ ವಿದ್ಯುತ್ ಸೈಕಲ್ ಒಂದು ಪರಿಹಾರವೆಂದು ಈಗ ಮಾತು. ಮೋಟಾರು 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇದ್ದರೆ ಕಾನೂನು ಅದನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ; ಲೈಸೆನ್ಸ್ ಬೇಡ, ನೋಂದಣಿ ಬೇಡ. ಇಂಥ ಗಾಡಿಗಳನ್ನು ಬಾಡಿಗೆಗೆ ಕೊಡುವ ಬೆಂಗಳೂರಿನ ಯುಲು ಕಂಪನಿ ಶುರುವಿನಲ್ಲಿ ಗುರಿಯಿಟ್ಟದ್ದು ಮೆಟ್ರೋ ಇಳಿದು ಆಫೀಸಿಗೆ ಹೋಗುವವರ ಮೇಲೆ. ಇಂದು ಅದರ ಗಾಡಿಗಳನ್ನು ಬೀದಿಯಲ್ಲಿ ನೋಡಿದರೆ ಮೇಲಿರುವುದು ಬಹುಪಾಲು ದಿನಸಿಯೂ ಊಟವೂ ತಲುಪಿಸುವ ಹುಡುಗರು. ಹಗುರವಾದ, ಅಗ್ಗದ, ಸಂದಿಯಲ್ಲಿ ನುಸುಳುವ ಗಾಡಿಯ ಬೆಲೆ ಅವರಿಗೆ ಯಾವ ಅಭಿಯಾನವೂ ಇಲ್ಲದೆ ತಿಳಿಯಿತು. ಹೊರವರ್ತುಲ ರಸ್ತೆಗೆ ಮತ್ತೊಮ್ಮೆ ಸೈಕಲ್ ಪಥ ಬರೆಯುವವರು ಈ ಹುಡುಗರನ್ನೂ ಜನರೇಟರಿನ ಹಿಂದೆ ಸೈಕಲ್ ನಿಲ್ಲಿಸುವ ಗಾರ್ಡನ್ನೂ ಎದುರಿಗೆ ಕೂರಿಸಿಕೊಂಡು ಒಂದು ಮಧ್ಯಾಹ್ನ ಕೇಳಬೇಕು: ಎಲ್ಲಿ ಇಳಿದು ತಳ್ಳುತ್ತೀರಿ, ಎಲ್ಲಿ ರಾಂಗ್ ಸೈಡಿನಲ್ಲಿ ಹೋಗುತ್ತೀರಿ, ರಾತ್ರಿ ಯಾವ ರಸ್ತೆ ತಪ್ಪಿಸುತ್ತೀರಿ. ನಕ್ಷೆಗೆ ಬೇಕಾದ ವಿವರ ಅಷ್ಟರಲ್ಲೇ ಸಿಗುತ್ತದೆ, ಸಲಹಾಸಂಸ್ಥೆಗೆ ಕೊಡುವ ಹಣವೂ ಉಳಿಯುತ್ತದೆ.